ಕೆಪಾಸಿಟರ್ ದೊಡ್ಡದಾಯಿತು, ಹಮ್ ಸದ್ದೂ ಜೋರಾಯಿತು: ಒಂದು ಚಿಪ್ ಆಂಪ್‌ನ ಪವರ್ ಸಪ್ಲೈ ಪ್ರಕರಣ

ಬಳ್ಳಾರಿಯ ಸ್ನೇಹಿತರೊಬ್ಬರು ಮನೆಯಲ್ಲೇ ಕಟ್ಟಿಕೊಂಡ ಸ್ಟೀರಿಯೊ ಆಂಪ್ಲಿಫೈಯರ್ ಇದು. ಚಾನೆಲ್‌ಗೆ ಒಂದರಂತೆ, ಆಂಪ್ಲಿಫೈಯರ್‌ನ ಪೂರ್ತಿ ಕೆಲಸ ತನ್ನೊಳಗೇ ಮಾಡುವ ಎರಡು ಎಲ್‌ಎಂ3886 ಚಿಪ್. 18-0-18 ವೋಲ್ಟ್, 3 ಆಂಪಿಯರ್‌ನ ಮಾಮೂಲಿ ಇಐ (ಚೌಕಾಕಾರದ) ಟ್ರಾನ್ಸ್‌ಫಾರ್ಮರ್. ಎಸಿಯನ್ನು ಡಿಸಿ ಮಾಡುವ ಡಯೋಡ್‌ಗಳ ಒಂದು ಬ್ರಿಡ್ಜ್, ಚಾರ್ಜ್ ತುಂಬಿಟ್ಟುಕೊಳ್ಳಲು ಪ್ಲಸ್ಸಿಗೊಂದು ಮೈನಸ್ಸಿಗೊಂದು 4,700 ಮೈಕ್ರೊಫ್ಯಾರಡ್ ಕೆಪಾಸಿಟರ್. ಮೊದಲು ಇದ್ದದ್ದು 8 ಓಮ್‌ನ ಪುಟ್ಟ ಸ್ಪೀಕರ್. ಅದರಲ್ಲಿ ಯಾವ ತಕರಾರೂ ಇರಲಿಲ್ಲ. ಆಮೇಲೆ 4 ಓಮ್‌ನ ದೊಡ್ಡ ಸ್ಪೀಕರ್ ಬಂತು, ತಕರಾರು ಅಲ್ಲಿಂದ ಶುರುವಾಯಿತು.

ಡೊಳ್ಳಿನ ಪೆಟ್ಟು, ಮೃದಂಗದ ಎಡಗೈ ಗುಂಕಾರ ಬಂದಾಗ ಸದ್ದು ಒಡೆಯುತ್ತಿತ್ತು. ಪವರ್ ಸಪ್ಲೈ ಸಾಲುತ್ತಿಲ್ಲ ಎಂದು ಅವರು ಸರಿಯಾಗಿಯೇ ಊಹಿಸಿದರು. 4,700 ತೆಗೆದು ಎರಡೂ ಕಡೆ 22,000 ಮೈಕ್ರೊಫ್ಯಾರಡ್‌ನ ದಪ್ಪ ಕೆಪಾಸಿಟರ್ ಹಾಕಿದರು. ಬಾಸ್ ಕೊಂಚ ಸುಧಾರಿಸಿತು. ಆದರೆ ಹಾಡು ಹಾಕದೆ ಸುಮ್ನೆ ಆನ್ ಮಾಡಿದರೂ ಸ್ಪೀಕರ್‌ನಲ್ಲಿ ಒಂದು ಗೊರಗೊರ ಸದ್ದು ಕೂತುಬಿಟ್ಟಿತು. ಮೊದಲು ಕಿವಿ ಹತ್ತಿರ ಇಟ್ಟರೆ ಮಾತ್ರ ಕೇಳುತ್ತಿದ್ದ ಹಮ್ ಈಗ ಕುರ್ಚಿಯಲ್ಲಿ ಕೂತರೂ ಕೇಳುತ್ತಿತ್ತು.

‘ಸರ್, ಕೆಪಾಸಿಟರ್ ಜಾಸ್ತಿ ಹಾಕಿದ್ರೆ ಹಮ್ ಕಮ್ಮಿ ಆಗ್ಬೇಕಲ್ವಾ?’ ಎಂದು ಕೇಳಿದರು. ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಚಿಪ್ ಆಂಪ್‌ನ ಪವರ್ ಸಪ್ಲೈ ಬಗ್ಗೆ ಮುಕ್ಕಾಲು ಪಾಲು ಅರ್ಥವಾದಂತೆ. ಅದಕ್ಕೇ ಈ ಪ್ರಕರಣವನ್ನು ಪೂರ್ತಿ ಬರೆಯುತ್ತಿದ್ದೇನೆ.

ಎಲ್‌ಎಂ3886 ನ್ಯಾಷನಲ್ ಸೆಮಿಕಂಡಕ್ಟರ್ ಕಂಪನಿಯ ಚಿಪ್. 2011ರಲ್ಲಿ ಆ ಕಂಪನಿಯನ್ನು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕೊಂಡುಕೊಂಡಿತು. ಡೇಟಾಶೀಟ್ ಪ್ರಕಾರ ±28 ವೋಲ್ಟ್ ಕೊಟ್ಟರೆ 4 ಓಮ್‌ಗೆ 68 ವ್ಯಾಟ್, 8 ಓಮ್‌ಗೆ 38 ವ್ಯಾಟ್. ±35 ಕೊಟ್ಟರೆ 8 ಓಮ್‌ಗೆ 50 ವ್ಯಾಟ್. ಇದರ ಅಣ್ಣನಂಥ ಎಲ್‌ಎಂ3875 ಚಿಪ್ ಇಟ್ಟುಕೊಂಡು ಜಪಾನಿನ 47 ಲ್ಯಾಬೊರೇಟರಿ 1999ರಲ್ಲಿ ‘ಗೇನ್‌ಕಾರ್ಡ್’ ಎಂಬ ದುಬಾರಿ ಆಂಪ್ ತಂದಿತು. ಅದನ್ನು ನೋಡಿಯೇ ಲೋಕದ ತುಂಬ ಮನೆಯಲ್ಲಿ ಚಿಪ್ ಆಂಪ್ ಕಟ್ಟುವ ಹುಚ್ಚು ಹರಡಿತು. ಆ ಗೇನ್‌ಕಾರ್ಡ್‌ನಲ್ಲಿ ಇದ್ದದ್ದು ತೀರಾ ಸಣ್ಣ ಕೆಪಾಸಿಟರ್, ತೀರಾ ಗಿಡ್ಡ ವೈರಿಂಗ್. ನಮ್ಮವರಲ್ಲಿ ಬಹಳ ಜನ ಕೆಪಾಸಿಟರ್ ಗಾತ್ರದ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ, ವೈರಿಂಗ್ ಬಗ್ಗೆ ಮಾತಾಡುವುದಿಲ್ಲ. ನನಗೆ ಇದು ನಿಜಕ್ಕೂ ಬೇಸರದ ವಿಷಯ.

ಮೊದಲು ಹಮ್

ಮೊದಲ ಕೆಲಸ, ಹಮ್ ಎಲ್ಲಿಂದ ಬರುತ್ತಿದೆ ಅಂತ ಪತ್ತೆ ಮಾಡುವುದು. ಎರಡೂ ಇನ್‌ಪುಟ್ ಸಾಕೆಟ್‌ಗೆ ಶಾರ್ಟ್ ಮಾಡಿದ ಪ್ಲಗ್ ಹಾಕಿದೆವು. ಹಮ್ ಹಾಗೇ ಇತ್ತು. ಅಂದರೆ ಫೋನು, ಟಿವಿ, ಕೇಬಲ್ ಯಾವುದರದ್ದೂ ತಪ್ಪಲ್ಲ, ಡಬ್ಬಿಯೊಳಗೇ ಹುಟ್ಟುತ್ತಿದೆ. ಮಲ್ಟಿಮೀಟರನ್ನು ಎಸಿ ಮಿಲಿವೋಲ್ಟ್‌ನಲ್ಲಿಟ್ಟು ಸ್ಪೀಕರ್ ಟರ್ಮಿನಲ್‌ಗೆ ಹಿಡಿದರೆ 38 ಮಿಲಿವೋಲ್ಟ್. ಫೋನಿನಲ್ಲಿ ಸ್ಪೆಕ್ಟ್ರಮ್ ತೋರಿಸುವ ಆ್ಯಪ್ ತೆರೆದು ವೂಫರ್ ಮುಂದೆ ಹಿಡಿದೆವು. 100, 200, 300 ಹರ್ಟ್ಸ್ ಹೀಗೆ ಬಾಚಣಿಗೆಯ ಹಲ್ಲಿನಂತೆ ಗೆರೆಗಳು ಎದ್ದು ನಿಂತವು. 50 ಹರ್ಟ್ಸ್‌ನಲ್ಲಿ ಹೆಚ್ಚೇನೂ ಇರಲಿಲ್ಲ.

ಈ ವ್ಯತ್ಯಾಸ ಮುಖ್ಯ. ನಮ್ಮ ಮನೆಯ ಕರೆಂಟಿನ ಲೈನು 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್‌ನ ಕಾಂತಕ್ಷೇತ್ರ ಇನ್‌ಪುಟ್ ವೈರಿಗೆ ತಾಗಿದರೂ, ಎರಡು ಉಪಕರಣಗಳ ಅರ್ತ್ ಸೇರಿ ಲೂಪ್ ಆದರೂ, ಎದ್ದು ಕಾಣುವುದು 50. ಬ್ರಿಡ್ಜ್ ದಾಟಿ ಬಂದದ್ದಾದರೆ 100 ಮತ್ತು ಅದರ ಮಡಿಗಳು. ಕಿವಿಗೂ ಗೊತ್ತಾಗುತ್ತದೆ. 50 ಮೆತ್ತಗೆ ಗುಂಯ್ ಅನ್ನುತ್ತದೆ, 100ರ ಬಳಗ ಗೊರಗೊರ ಅನ್ನುತ್ತದೆ.

ಹಾಗಾದರೆ ಇದು ರಿಪಲ್ಲೇ (ಡಿಸಿಯಲ್ಲಿ ಉಳಿದುಕೊಂಡ ಏರಿಳಿತ) ಅಲ್ವಾ ಅನ್ನಿಸುವುದು ಸಹಜ. ಲೆಕ್ಕ ಹಾಕಿ ನೋಡೋಣ. ಸದ್ದಿಲ್ಲದೆ ಸುಮ್ನೆ ಕೂತಾಗ ಒಂದು ಎಲ್‌ಎಂ3886 ಸುಮಾರು 50 ಮಿಲಿಆಂಪ್ ಕುಡಿಯುತ್ತದೆ. ಎರಡಕ್ಕೆ 0.1 ಆಂಪ್. ಒಂದು ಚಾರ್ಜಿನಿಂದ ಇನ್ನೊಂದು ಚಾರ್ಜಿನವರೆಗೆ ಸುಮಾರು 8 ಮಿಲಿಸೆಕೆಂಡ್ ಕೆಪಾಸಿಟರ್ ಒಬ್ಬಂಟಿಯಾಗಿ ಕರೆಂಟ್ ಕೊಡಬೇಕು. ಹಳೆಯ 4,700ರಲ್ಲಿ ಆಗ ಇಳಿಯುವುದು 0.17 ವೋಲ್ಟ್. ಹೊಸ 22,000ದಲ್ಲಿ 0.04 ವೋಲ್ಟಿಗೂ ಕಡಿಮೆ. ಇನ್ನು ಸಪ್ಲೈ ಲೈನಿನ ಏರಿಳಿತವನ್ನು ತಡೆಯುವ ಶಕ್ತಿ ಚಿಪ್ಪಿಗೇ ಇದೆ. ಡೇಟಾಶೀಟ್‌ನ ಮಾಮೂಲಿ ಅಂಕಿ ಪ್ಲಸ್ ಕಡೆಗೆ 120 ಡೆಸಿಬೆಲ್, ಮೈನಸ್ ಕಡೆಗೆ 105. ಅದು ಡಿಸಿ ಮಟ್ಟದ ಅಂಕಿ, ಫ್ರೀಕ್ವೆನ್ಸಿ ಏರಿದಂತೆ ಕುಸಿಯುತ್ತದೆ. ಧಾರಾಳವಾಗಿ ಕಳೆದು 80 ಅಂತಲೇ ಇಟ್ಟುಕೊಳ್ಳಿ. ಹಳೆಯ ಕೆಪಾಸಿಟರ್‌ನಲ್ಲೂ, 21ರ ಗೇನ್ (ಚಿಪ್ ಸಿಗ್ನಲ್ಲನ್ನು 21 ಪಟ್ಟು ಮಾಡುವುದು) ಸೇರಿಸಿದ ಮೇಲೂ, ಸ್ಪೀಕರ್‌ಗೆ ಬರುವುದು ಅರ್ಧ ಮಿಲಿವೋಲ್ಟಿಗಿಂತ ಕಡಿಮೆ. ಮೀಟರ್ ತೋರಿಸುತ್ತಿರುವುದು 38. ಹಾಗಾಗಿ ಇದು ಸಪ್ಲೈ ಪಿನ್ನಿನ ಮೂಲಕ ಬಂದ ರಿಪಲ್ ಅಲ್ಲ. ಬೇರೆ ಬಾಗಿಲಿನಿಂದ ಬಂದಿದೆ.

ಆ ಬಾಗಿಲು ಗ್ರೌಂಡ್, ಅಂದರೆ ಎಲ್ಲ ಭಾಗಗಳೂ ಸೊನ್ನೆ ವೋಲ್ಟ್ ಅಂತ ನಂಬಿಕೊಂಡ ಸಂಪರ್ಕ.

ಮುಚ್ಚಳ ತೆಗೆದು ನೋಡಿದಾಗ ವಿಷಯ ತಿಳಿಯಿತು. ಹಳೆಯ ಕೆಪಾಸಿಟರ್ ಎರಡೂ ಒಂದೇ ಬೋರ್ಡಿನಲ್ಲಿ ಅಕ್ಕಪಕ್ಕ ಕೂತಿದ್ದವು. ಅವೆರಡರ ನಡುವಿನ ಗ್ರೌಂಡ್ ಸಂಪರ್ಕ ಬೆರಳಗಲದ ತಾಮ್ರ. ಹೊಸವು ಆ ಬೋರ್ಡಿನಲ್ಲಿ ಹಿಡಿಯಲಿಲ್ಲ. ಹಾಗಾಗಿ ಕ್ಲ್ಯಾಂಪ್ ಹಾಕಿ ಡಬ್ಬಿಯ ಎಡಗೋಡೆಗೆ ಒಂದು, ಬಲಗೋಡೆಗೆ ಒಂದು. ಪ್ಲಸ್ ಕಡೆಯ ಕೆಪಾಸಿಟರ್‌ನ ಗ್ರೌಂಡ್ ವೈರು ಆಂಪ್ ಬೋರ್ಡಿನ ಒಂದು ತುದಿಗೆ, ಮೈನಸ್ ಕಡೆಯದ್ದು ಇನ್ನೊಂದು ತುದಿಗೆ. ನೋಡಲು ತುಂಬಾ ಅಚ್ಚುಕಟ್ಟು. ಆದರೆ ಎರಡು ಕೆಪಾಸಿಟರ್‌ಗಳನ್ನು ಸೇರಿಸುವ ದಾರಿ ಈಗ ಆಂಪ್ ಬೋರ್ಡಿನ ಗ್ರೌಂಡ್ ಟ್ರ್ಯಾಕ್ ಆಗಿಹೋಗಿತ್ತು.

ತಂತಿ ಸುತ್ತಿನ (ವೈಂಡಿಂಗ್) ನಡುವಿನಿಂದಲೂ ಒಂದು ವೈರು ಹೊರಡುವ ಸೆಂಟರ್ ಟ್ಯಾಪ್ ಟ್ರಾನ್ಸ್‌ಫಾರ್ಮರ್‌ಗೆ ಒಂದೇ ಬ್ರಿಡ್ಜ್ ಹಾಕಿದಾಗ ಚಾರ್ಜಿಂಗ್ ಕರೆಂಟ್ ಹೇಗೆ ಓಡುತ್ತದೆ ನೋಡಿ. ಎರಡೂ ಕಡೆ ಲೋಡ್ ಸಮವಾಗಿದ್ದರೆ ಅದು ವೈಂಡಿಂಗ್‌ನ ಒಂದು ತುದಿಯಿಂದ ಹೊರಟು, ಡಯೋಡ್ ದಾಟಿ, ಪ್ಲಸ್ ಕೆಪಾಸಿಟರ್ ಹೊಕ್ಕು, ಅಲ್ಲಿಂದ ಗ್ರೌಂಡಿನ ಮೂಲಕ ಮೈನಸ್ ಕೆಪಾಸಿಟರ್‌ಗೆ ಹೋಗಿ, ಇನ್ನೊಂದು ಡಯೋಡ್ ದಾಟಿ, ವೈಂಡಿಂಗ್‌ನ ಮತ್ತೊಂದು ತುದಿಗೆ ಮರಳುತ್ತದೆ. ಸೆಂಟರ್ ಟ್ಯಾಪ್ ವೈರಿನಲ್ಲಿ ಹೆಚ್ಚೇನೂ ಓಡುವುದಿಲ್ಲ. ಓಡುವುದೆಲ್ಲ ಎರಡು ಕೆಪಾಸಿಟರ್ ನಡುವಿನ ಕೊಂಡಿಯಲ್ಲಿ. ಅದೂ ಹದವಾಗಿ ಅಲ್ಲ. ಪ್ರತಿ 10 ಮಿಲಿಸೆಕೆಂಡಿಗೆ ಒಮ್ಮೆ, ಒಂದೆರಡು ಮಿಲಿಸೆಕೆಂಡ್ ಮಾತ್ರ, ಚೂಪಾಗಿ. ಸರಾಸರಿ 0.1 ಆಂಪ್ ಬೇಕಾದಲ್ಲಿ ಆ ಹೊಡೆತದ ತುದಿ ಹತ್ತಿರ ಹತ್ತಿರ 1 ಆಂಪ್ ಮುಟ್ಟುತ್ತದೆ. ಹಾಡು ಜೋರಾದರೆ ಇನ್ನೂ ಎಷ್ಟೋ ಪಟ್ಟು.

ಆ ಟ್ರ್ಯಾಕ್ ಅಳೆದೆವು: ಉದ್ದ 4 ಸೆಂಟಿಮೀಟರ್, ಅಗಲ 3 ಮಿಲಿಮೀಟರ್. ಸಾಧಾರಣ ಪಿಸಿಬಿಯ ತಾಮ್ರ 35 ಮೈಕ್ರಾನ್ ದಪ್ಪ. ಅದರ ರೆಸಿಸ್ಟೆನ್ಸ್ ಸುಮಾರು 6.5 ಮಿಲಿಓಮ್ ಆಗುತ್ತದೆ. ಇಷ್ಟೇನಾ ಅನ್ನಿಸುತ್ತದೆ. ಆದರೆ 1 ಆಂಪ್ ಹರಿದರೆ ಅದರ ಎರಡು ತುದಿಗಳ ನಡುವೆ 6.5 ಮಿಲಿವೋಲ್ಟ್ ಏಳುತ್ತದೆ. ಇನ್‌ಪುಟ್ ಗ್ರೌಂಡ್ ಆ ಟ್ರ್ಯಾಕಿನ ಒಂದು ತುದಿಯಲ್ಲಿ, ಫೀಡ್‌ಬ್ಯಾಕಿನ (ಔಟ್‌ಪುಟ್‌ನ ಒಂದಂಶ ಚಿಪ್ಪಿಗೆ ವಾಪಸ್ ಬರುವ ದಾರಿಯ) ಗ್ರೌಂಡ್ ಇನ್ನೊಂದು ತುದಿಯ ಹತ್ತಿರ ಇತ್ತು. ಚಿಪ್ಪಿಗೆ ಇದು ಹಾಡೋ ಹಮ್ಮೋ ಗೊತ್ತಾಗುವುದಿಲ್ಲ, 21 ಪಟ್ಟು ದೊಡ್ಡದು ಮಾಡಿ ಸ್ಪೀಕರ್‌ಗೆ ಕಳಿಸುತ್ತದೆ. ತಳದಿಂದ ತಲೆವರೆಗೆ ನೂರು ಮಿಲಿವೋಲ್ಟ್ ದಾಟುವ ಚೂಪು ಹೊಡೆತಗಳವು. ಮೀಟರ್ ಅದನ್ನು ಸರಾಸರಿ ಮಾಡಿ 38 ಅಂತ ತೋರಿಸಿತು. ಲಾರಿ ಓಡಾಡುವ ದಾರಿಗೆ ಅಡ್ಡವಾಗಿ ತೊಟ್ಟಿಲು ಕಟ್ಟಿದ ಹಾಗೆ ಆಗಿತ್ತು. ಲಾರಿ ಸಣ್ಣದಾ ದೊಡ್ಡದಾ ಎಂಬುದು ಆಮೇಲಿನ ಮಾತು.

ಕೆಪಾಸಿಟರ್ ದೊಡ್ಡದಾದಾಗ ಆ ಹೊಡೆತ ಇನ್ನಷ್ಟು ಚೂಪಾಗುವುದೂ ನಿಜ. ಆದರೆ ಇಲ್ಲಿ ಅದರ ಪಾಲು ಸಣ್ಣದು. ಖಾತ್ರಿ ಮಾಡಿಕೊಳ್ಳಲು ಬೇರೇನನ್ನೂ ಮುಟ್ಟದೆ ಎರಡು ಕೆಪಾಸಿಟರ್‌ಗಳ ಗ್ರೌಂಡ್ ತುದಿಗಳನ್ನು ದಪ್ಪ ವೈರಿನಲ್ಲಿ ನೇರ ಸೇರಿಸಿದೆವು. ಆಂಪ್ ಬೋರ್ಡಿಗೆ ಹೋಗುತ್ತಿದ್ದ ಎರಡು ವೈರಲ್ಲಿ ಒಂದನ್ನು ಕಿತ್ತೆವು. ಮೀಟರ್ 38ರಿಂದ 2ಕ್ಕೆ ಇಳಿಯಿತು. ಕೆಪಾಸಿಟರ್ ಅದೇ, ಟ್ರಾನ್ಸ್‌ಫಾರ್ಮರ್ ಅದೇ, ಬ್ರಿಡ್ಜ್ ಅದೇ. ಒಂದು ಗೇಣು ವೈರಿನ ಜಾಗ ಮಾತ್ರ ಬದಲಾಯಿತು.

ಆಮೇಲೆ ಬಾಸ್

ಹಮ್ ಹೋಯಿತು, ಬಾಸ್ ಒಡೆಯುವುದು ನಿಂತಿರಲಿಲ್ಲ. ಸ್ಪೀಕರ್ ಬದಲು 4 ಓಮ್‌ನ ಅಲ್ಯೂಮಿನಿಯಂ ಕವಚದ ವೈರ್‌ವೌಂಡ್ ರೆಸಿಸ್ಟರ್ ಕಟ್ಟಿ, ಹೀಟ್ ಸಿಂಕಿಗೆ ಬಿಗಿದು, ಎರಡೂ ಚಾನೆಲ್ ಒಟ್ಟಿಗೆ ಓಡಿಸಿ, ತರಂಗದ ಚಿತ್ರ ತೋರಿಸುವ ಸ್ಕೋಪ್‌ನಲ್ಲಿ ನೋಡಿದೆವು. ಸುಮ್ನೆ ಇದ್ದಾಗ ಸಪ್ಲೈ ±27 ವೋಲ್ಟ್. ಜೋರು ಮಾಡಿದಾಗ ±22ರ ಹತ್ತಿರ. ಸುಮಾರು 17 ವೋಲ್ಟ್ ಪೀಕ್‌ಗೆ ತರಂಗದ ತಲೆ ಕತ್ತರಿಸಿಹೋಗುತ್ತಿತ್ತು. 4 ಓಮ್‌ಗೆ ಅದು 36 ವ್ಯಾಟ್.

ದೊಡ್ಡ ಕೆಪಾಸಿಟರ್ ಇಲ್ಲಿ ಯಾಕೆ ಪೂರ್ತಿ ಕಾಪಾಡಲಿಲ್ಲ? ಈ ಮಟ್ಟದಲ್ಲಿ ಪ್ಲಸ್, ಮೈನಸ್ ಪ್ರತಿ ಸಪ್ಲೈ ಲೈನಿನಿಂದ ಸರಾಸರಿ 2.7 ಆಂಪ್ ಹೋಗುತ್ತದೆ. ಹಳೆಯ 4,700ರಲ್ಲಿ ರಿಪಲ್ 4 ವೋಲ್ಟ್ ದಾಟುತ್ತಿತ್ತು. 22,000ದಲ್ಲಿ ಒಂದು ವೋಲ್ಟಿನ ಆಸುಪಾಸು. ಅಷ್ಟರ ಮಟ್ಟಿಗೆ ಸುಧಾರಣೆ ಆಯಿತು, ಅವರ ಕಿವಿ ಸರಿಯಾಗಿಯೇ ಹೇಳಿತ್ತು. ಆದರೆ 27ರಿಂದ 22ಕ್ಕೆ ಬೀಳುವುದು ರಿಪಲ್ ಅಲ್ಲ, ಟ್ರಾನ್ಸ್‌ಫಾರ್ಮರ್ ಸೋಲುತ್ತಿರುವುದು. 108 ವಿಎ (ವೋಲ್ಟ್ ಗುಣಿಸು ಆಂಪ್, ಎಷ್ಟು ಕೊಡಬಲ್ಲದು ಎಂಬ ಅಳತೆ) ಟ್ರಾನ್ಸ್‌ಫಾರ್ಮರ್‌ನ ಸಣ್ಣ ತಂತಿಯಲ್ಲಿ ಅಷ್ಟು ಕರೆಂಟ್ ಎಳೆದರೆ ವೋಲ್ಟೇಜ್ ಬಿದ್ದೇ ಬೀಳುತ್ತದೆ. ಕೆಪಾಸಿಟರ್ ಎರಡು ಹೊಡೆತಗಳ ನಡುವಿನ ಬಿಡುವನ್ನು ತುಂಬುತ್ತದೆ, ಅಷ್ಟೇ. ಡೊಳ್ಳಿನ ಪೆಟ್ಟಿನ ಉದ್ದಕ್ಕೂ ಬೇಕಾದದ್ದನ್ನು ಟ್ರಾನ್ಸ್‌ಫಾರ್ಮರ್ರೇ ಕೊಡಬೇಕು. ಜೊತೆಗೆ, 4 ಓಮ್ ಅಂತ ಬರೆದ ಸ್ಪೀಕರ್ ಕೆಲವು ಫ್ರೀಕ್ವೆನ್ಸಿಗಳಲ್ಲಿ 3 ಓಮ್‌ವರೆಗೂ ಇಳಿಯಬಹುದು. ಆಗ ಎಳೆತ ಇನ್ನೂ ಜಾಸ್ತಿ.

ಹೊಸ ಟ್ರಾನ್ಸ್‌ಫಾರ್ಮರ್ ಬೇಕೆಂದು ಒಪ್ಪಿಗೆಯಾಯಿತು. ಅವರ ಮನಸ್ಸಿನಲ್ಲಿ ಇದ್ದದ್ದು 25-0-25. ಬೇಡ ಎಂದೆ. 25ಕ್ಕೆ ಡಿಸಿ 35 ಅಂತ ಕಾಗದದ ಮೇಲೆ ಕಾಣುತ್ತದೆ. ಲೋಡ್ ಇಲ್ಲದಾಗ ಟೊರಾಯ್ಡ್ (ಉಂಗುರದಾಕಾರದ ಟ್ರಾನ್ಸ್‌ಫಾರ್ಮರ್) 6 ಪರ್ಸೆಂಟ್ ಹೆಚ್ಚೇ ಕೊಡುತ್ತದೆ. ಅವರ ಬೀದಿಯಲ್ಲಿ ರಾತ್ರಿ ಹೊತ್ತು ಮನೆಯ ಲೈನು 250 ವೋಲ್ಟ್ ಮುಟ್ಟುತ್ತದೆ. ಎಲ್ಲ ಗುಣಿಸಿದರೆ ±40ರ ಹತ್ತಿರ, ಒಟ್ಟು 80 ವೋಲ್ಟ್. ಸಿಗ್ನಲ್ ಇರುವಾಗ ಈ ಚಿಪ್ಪಿನ ಮಿತಿಯೇ ಒಟ್ಟು 84.

ಅದಕ್ಕಿಂತ ದೊಡ್ಡ ತೊಂದರೆ ಬಿಸಿ. ಇಂಥ ಆಂಪ್ ಹೆಚ್ಚೆಂದರೆ ಎಷ್ಟು ಬಿಸಿ ಉಗುಳುತ್ತದೆ ಎಂಬುದಕ್ಕೆ ಸರಳ ಲೆಕ್ಕ ಇದೆ: ಒಟ್ಟು ಸಪ್ಲೈ ವೋಲ್ಟೇಜಿನ ವರ್ಗವನ್ನು ಲೋಡ್ ಓಮ್‌ನ ಸುಮಾರು 20 ಪಟ್ಟಿನಿಂದ ಭಾಗಿಸಬೇಕು. ±35, 4 ಓಮ್ ಅಂದರೆ ಒಂದು ಚಿಪ್ಪಿಗೆ 62 ವ್ಯಾಟ್ ಬಿಸಿ. ±28 ಆದರೆ 40. ಬಳ್ಳಾರಿಯ ಬೇಸಿಗೆಯಲ್ಲಿ ಕೋಣೆಯೇ 40 ಡಿಗ್ರಿ ಇರುತ್ತದೆ. 62 ವ್ಯಾಟ್ ಹೊರಹಾಕುವ ಹೀಟ್ ಸಿಂಕ್ ಆ ಡಬ್ಬಿಯಲ್ಲಿ ಹಿಡಿಯುವುದೇ ಇಲ್ಲ. ಒಳಗಿನ ಬಿಸಿ 165 ಡಿಗ್ರಿ ತಲುಪಿದರೆ ಚಿಪ್ ತಾನೇ ಬಾಯಿ ಮುಚ್ಚಿಕೊಳ್ಳುತ್ತದೆ, ಸುಮಾರು 155ಕ್ಕೆ ಇಳಿದ ಮೇಲೆ ಮತ್ತೆ ಹಾಡುತ್ತದೆ. ಹಾಡಿನ ನಡುವೆ ಹೀಗಾದರೆ ಯಾರಿಗೆ ಬೇಕು? 8 ಓಮ್ ಸ್ಪೀಕರ್ ಇದ್ದವರು 25-0-25 ಯೋಚಿಸಬಹುದು. 4 ಓಮ್‌ಗೆ ವೋಲ್ಟೇಜ್ ಕಡಿಮೆ ಇರಲಿ, ವಿಎ ಜಾಸ್ತಿ ಇರಲಿ.

ಕೊನೆಗೆ 20 ವೋಲ್ಟಿನ ಎರಡು ಬೇರೆ ಬೇರೆ ವೈಂಡಿಂಗ್ ಇರುವ 200 ವಿಎ ಟೊರಾಯ್ಡ್ ಸುತ್ತಿಸಿದೆವು. ಬೆಂಗಳೂರಿನ ಎಸ್.ಪಿ. ರೋಡ್ ಕಡೆ ವಿಚಾರಿಸಿದರೆ ಹೇಳಿದ ವೋಲ್ಟಿಗೆ ಸುತ್ತಿಕೊಡುವವರು ಸಿಗುತ್ತಾರೆ. ಸೆಂಟರ್ ಟ್ಯಾಪ್ ಬೇಡ, ನಾಲ್ಕು ವೈರು ಬೇರೆಯಾಗಿ ಹೊರಗೆ ಬರಲಿ ಎಂದು ಮೊದಲೇ ಒತ್ತಿ ಹೇಳಬೇಕು.

ನಾಲ್ಕು ವೈರು ಯಾಕೆ ಅಂದರೆ, ಆಗ ಪ್ರತಿ ವೈಂಡಿಂಗಿಗೆ ಅದರದ್ದೇ ಬ್ರಿಡ್ಜ್, ಅದರದ್ದೇ ಕೆಪಾಸಿಟರ್. ಚಾರ್ಜಿಂಗ್ ಹೊಡೆತ ವೈಂಡಿಂಗ್, ಬ್ರಿಡ್ಜ್, ಕೆಪಾಸಿಟರ್ ಈ ಮೂರರೊಳಗೇ ಸುತ್ತುತ್ತದೆ. ಪ್ಲಸ್ ಕೆಪಾಸಿಟರ್‌ನ ಕೆಳತುದಿಗೂ ಮೈನಸ್ ಕೆಪಾಸಿಟರ್‌ನ ಮೇಲುತುದಿಗೂ ಹಾಕುವ ಕೊಂಡಿಯಲ್ಲಿ ಆ ಹೊಡೆತ ಹಾಯುವುದೇ ಇಲ್ಲ. ಲೋಡಿನ ಕರೆಂಟ್ ಮಾತ್ರ. ಇದರ ಬೆಲೆ ಇನ್ನೊಂದು ಬ್ರಿಡ್ಜ್ ಮತ್ತು ಇನ್ನೊಂದು ಡಯೋಡಿನ ಡ್ರಾಪ್, ಸುಮಾರು ಒಂದು ವೋಲ್ಟ್. ಕೊಡಬಹುದಾದ ಬೆಲೆ ಅದು. ಬ್ರಿಡ್ಜ್ ಮಾತ್ರ ಮಾಮೂಲಿ ಕೆಬಿಪಿಸಿ2510, 25 ಆಂಪಿನ ಲೋಹದ ಚೌಕ. ತಳಕ್ಕೆ ಪೇಸ್ಟ್ ಹಚ್ಚಿ ಡಬ್ಬಿಗೇ ಬೋಲ್ಟ್ ಮಾಡಿದೆವು. ದುಬಾರಿ ಫಾಸ್ಟ್ ಡಯೋಡ್ ಹಾಕಿದರೆ ಇಲ್ಲಿ ಸದ್ದು ಬದಲಾಗುತ್ತದೆ ಎಂದು ನಾನು ನಂಬುವುದಿಲ್ಲ. ಆ ದುಡ್ಡು ಹೀಟ್ ಸಿಂಕಿಗೆ ಹೋಗಲಿ.

ಕೆಪಾಸಿಟರ್ ಪ್ರತಿ ಸಪ್ಲೈ ಲೈನಿಗೆ 10,000 ಮೈಕ್ರೊಫ್ಯಾರಡ್, 50 ವೋಲ್ಟ್. ಹೌದು, 22,000 ತೆಗೆದು ಸಣ್ಣದು ಹಾಕಿದೆವು. ಪೂರ್ತಿ ಲೋಡಿನಲ್ಲಿ ರಿಪಲ್ ಎರಡೂವರೆ ವೋಲ್ಟ್ ಆಗುತ್ತದೆ, ಅದನ್ನು ತಾಳುವ ಹೆಡ್‌ರೂಮ್ (ವೋಲ್ಟೇಜಿನ ಉಳಿಕೆ) ಈಗ ಇದೆ. ಮುಖ್ಯವಾಗಿ, ಇವೆರಡೂ ಒಂದೇ ಬೋರ್ಡಿನಲ್ಲಿ ಪಕ್ಕಪಕ್ಕ ಕೂರುತ್ತವೆ. ಪ್ರತಿಯೊಂದಕ್ಕೂ 2.2 ಕೆ, 2 ವ್ಯಾಟ್ ರೆಸಿಸ್ಟರ್ ಅಡ್ಡ ಕಟ್ಟಿದೆವು, ಆಫ್ ಮಾಡಿದ ಮೇಲೆ ಚಾರ್ಜ್ ಉಳಿಯಬಾರದು.

ಕೊಂಡಿಯ ನಡುವಿನಿಂದ ಒಂದೇ ಒಂದು ದಪ್ಪ ವೈರು ಆಚೆ ಒಂದು ಬೋಲ್ಟಿಗೆ ಹೋಗುತ್ತದೆ. ಎರಡೂ ಸ್ಪೀಕರ್‌ನ ವಾಪಸ್ ವೈರು, ಎರಡೂ ಚಾನೆಲ್‌ನ ಗ್ರೌಂಡ್, ಎಲ್ಲವೂ ಆ ಬೋಲ್ಟಿಗೆ ಬರುತ್ತವೆ. ಕೆಪಾಸಿಟರ್‌ನ ಕಾಲಿಗೆ ನೇರವಾಗಿ ಯಾವುದೂ ಇಲ್ಲ. ಪ್ಲಸ್, ಮೈನಸ್, ಗ್ರೌಂಡ್ ಮೂರೂ ವೈರನ್ನು ಜಡೆಯಂತೆ ಹೆಣೆದು ಬೋರ್ಡಿಗೆ ಒಯ್ದೆವು. ಆಂಪ್ ಹಾಡುವಾಗ ಪ್ಲಸ್ ವೈರಿನಲ್ಲಿ ಅರ್ಧ ತರಂಗ, ಮೈನಸ್ ವೈರಿನಲ್ಲಿ ಇನ್ನರ್ಧ ಓಡುತ್ತದೆ. ಅವು ದೂರ ದೂರ ಇದ್ದರೆ ಆ ಅರ್ಧಂಬರ್ಧ ತರಂಗದ ಕಾಂತಕ್ಷೇತ್ರ ಇನ್‌ಪುಟ್‌ಗೆ ತಾಗಿ ಡಿಸ್ಟಾರ್ಷನ್ ಆಗುತ್ತದೆ.

ವೋಲ್ಟೇಜ್ ಏರಿಸುವಾಗ ಬೋರ್ಡಿನಲ್ಲಿರುವ ಸಣ್ಣ ಕೆಪಾಸಿಟರ್‌ಗಳ ಮೇಲೆ ಬರೆದದ್ದನ್ನು ಓದಬೇಕು. ಅವರ ಬೋರ್ಡಿನಲ್ಲಿ 470 ಮೈಕ್ರೊಫ್ಯಾರಡ್, 35 ವೋಲ್ಟ್ ಇದ್ದವು. ಹೊಸ ಸಪ್ಲೈ ಸುಮ್ನೆ ಇದ್ದಾಗ ±29, ಲೈನು 250 ಆದರೆ 31 ದಾಟುತ್ತದೆ. ತೀರಾ ಹತ್ತಿರ. 50 ವೋಲ್ಟಿನವು ಹಾಕಿದೆವು. ಚಿಪ್ಪಿನ ಕಾಲಿಗೆ ಅಂಟಿದಂತೆ 0.1 ಮೈಕ್ರೊಫ್ಯಾರಡ್ ಸೆರಾಮಿಕ್ ಇದೆಯಾ ಎಂದೂ ನೋಡಿದೆವು, ಇತ್ತು. ಅದು ಇಲ್ಲದೆ ದೂರದಲ್ಲಿ ಎಷ್ಟು ಸಾವಿರ ಮೈಕ್ರೊಫ್ಯಾರಡ್ ಇದ್ದರೂ ಚಿಪ್ ಆಸಿಲೇಟ್ ಆಗಬಹುದು, ಅಂದರೆ ಸಿಗ್ನಲ್ ಇಲ್ಲದೆಯೂ ತನ್ನಷ್ಟಕ್ಕೇ ಕಂಪಿಸಬಹುದು.

ಸುರಕ್ಷತೆಯ ಮಾತನ್ನು ಹಾರಿಸುವ ಹಾಗಿಲ್ಲ. ಲೋಹದ ಡಬ್ಬಿಗೆ ಮೂರನೇ ಪಿನ್ನಿನ ಅರ್ತ್ ಕಡ್ಡಾಯ, ಬಣ್ಣ ಕೆರೆದು ಬೋಲ್ಟ್ ಹಾಕಬೇಕು. ಟೊರಾಯ್ಡ್‌ನ ನಡುವಿನ ಬೋಲ್ಟ್ ಕೆಳಗೆ ಡಬ್ಬಿಗೂ ಮೇಲೆ ಮುಚ್ಚಳಕ್ಕೂ ಎರಡೂ ಕಡೆ ತಾಗಬಾರದು. ತಾಗಿದರೆ ಅದೇ ಶಾರ್ಟ್ ಆದ ಒಂದು ಸುತ್ತಾಗಿ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತದೆ. ಎಲ್‌ಎಂ3886ಟಿ ಚಿಪ್ಪಿನ ಬೆನ್ನಿನ ಲೋಹ ಮೈನಸ್ ಸಪ್ಲೈಗೆ ಸೇರಿದೆ. ಮೈಕಾ ಹಾಳೆ, ಪ್ಲಾಸ್ಟಿಕ್ ಬುಶ್ ಹಾಕಿದ್ದರೂ ಹೀಟ್ ಸಿಂಕಿಗೆ ಕಂಟಿನ್ಯೂಟಿ ಇಲ್ಲ ಎಂದು ಮೀಟರಿನಲ್ಲಿ ನೋಡಿಯೇ ಆನ್ ಮಾಡಬೇಕು. ಮೊದಲ ಸಲ ಆನ್ ಮಾಡಿದ್ದು 100 ವ್ಯಾಟಿನ ಹಳೆಯ ಬಲ್ಬನ್ನು ಸೀರೀಸ್‌ನಲ್ಲಿಟ್ಟು. ಬಲ್ಬ್ ಒಮ್ಮೆ ಮಿಂಚಿ ಮಂಕಾಯಿತು. ಉರಿಯುತ್ತಲೇ ನಿಂತಿದ್ದರೆ ಎಲ್ಲೋ ಶಾರ್ಟ್ ಇದೆ ಅಂತ ಅರ್ಥ. ಆಮೇಲೆ ಬಲ್ಬ್ ತೆಗೆದು ಸ್ಲೋ ಬ್ಲೋ ಫ್ಯೂಸ್ ಹಾಕಿದೆವು.

ಬಂದ ಫಲ

ಇನ್‌ಪುಟ್ ಶಾರ್ಟ್ ಮಾಡಿದಾಗ ಸ್ಪೀಕರ್ ಟರ್ಮಿನಲ್‌ನಲ್ಲಿ 0.4 ಮಿಲಿವೋಲ್ಟ್. ಟೊರಾಯ್ಡನ್ನು ಬೋಲ್ಟಿನ ಸುತ್ತ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಮೀಟರ್ ನೋಡಿದಾಗ ಒಂದು ಕೋನದಲ್ಲಿ 0.3ಕ್ಕೂ ಇಳಿಯಿತು. ಅಲ್ಲೇ ಬಿಗಿದೆವು. ಕೆಪಾಸಿಟರ್ ಅರ್ಧಕ್ಕಿಂತ ಕಡಿಮೆ, ಹಮ್ ನೂರರಲ್ಲಿ ಒಂದು ಪಾಲಿಗೆ ಹತ್ತಿರ.

ಎರಡೂ ಚಾನೆಲ್, 4 ಓಮ್ ಲೋಡಿನಲ್ಲಿ ತರಂಗ ಈಗ 20 ವೋಲ್ಟ್ ಪೀಕ್ ದಾಟಿದ ಮೇಲೆ ಕತ್ತರಿಸುತ್ತದೆ, 50 ವ್ಯಾಟಿನ ಸ್ವಲ್ಪ ಮೇಲೆ. 36ರಿಂದ 50 ಅಂದರೆ ಡೆಸಿಬೆಲ್ ಲೆಕ್ಕದಲ್ಲಿ ಎರಡೂ ಇಲ್ಲ. ಆಂಪ್ ಈಗ ದುಪ್ಪಟ್ಟು ಜೋರಾಗಿದೆ ಅಂತ ಯಾರೂ ಅಂದುಕೊಳ್ಳಬಾರದು. ಆದರೆ ಅವರು ದಿನಾ ಕೇಳುವ ಮಟ್ಟ ಹಳೆಯ ಮಿತಿಯ ಅಂಚಿನಲ್ಲೇ ಇತ್ತು. ಈಗ ಅದರೊಳಗೆ ಆರಾಮಾಗಿ ಕೂರುತ್ತದೆ. ಅದೇ ಡೊಳ್ಳಿನ ರೆಕಾರ್ಡಿಂಗ್ ಹಾಕಿದಾಗ ಪೆಟ್ಟು ದುಂಡಗೆ ಬಂತು, ಒಡೆಯಲಿಲ್ಲ.

ಟಿವಿಯ ಸೆಟ್ ಟಾಪ್ ಬಾಕ್ಸ್ ಚುಚ್ಚಿದಾಗ ಮಾತ್ರ ಮೆತ್ತನೆಯ ಗುಂಯ್ ಉಳಿದಿತ್ತು. ಫೋನಿನ ಆ್ಯಪ್‌ನಲ್ಲಿ 50 ಹರ್ಟ್ಸ್‌ನ ಒಂಟಿ ಗೆರೆ. ಅದು ಟಿವಿ ಕೇಬಲ್ಲಿನ ಅರ್ತೂ ಆಂಪ್‌ನ ಅರ್ತೂ ಸೇರಿ ಆದ ಲೂಪ್. ಕೆಲವರು ಇಂಥಲ್ಲಿ ಆಂಪ್‌ನ ಅರ್ತ್ ಪಿನ್ನನ್ನೇ ಕಿತ್ತುಬಿಡುತ್ತಾರೆ. ಅದು ಜೀವಕ್ಕೆ ಅಪಾಯ, ಯಾವತ್ತೂ ಮಾಡಬಾರದು. ಡಬ್ಬಿಯ ಅರ್ತನ್ನು ಹಾಗೇ ಬಿಟ್ಟು, ಗ್ರೌಂಡ್ ಬೋಲ್ಟಿಗೂ ಡಬ್ಬಿಗೂ ನಡುವೆ 10 ಓಮ್ ರೆಸಿಸ್ಟರ್ ಹಾಕಿ, ಅದಕ್ಕೆ ಅಡ್ಡವಾಗಿ ತಲೆಕೆಳಗಾದ ಜೋಡಿಯಲ್ಲಿ ದಪ್ಪ ಡಯೋಡ್ ಎರಡು ಕಟ್ಟಿದೆವು. ಇನ್‌ಪುಟ್ ಸಾಕೆಟ್‌ಗಳನ್ನು ಡಬ್ಬಿಗೆ ತಾಗದಂತೆ ಪ್ಲಾಸ್ಟಿಕ್ ವಾಷರ್ ಮೇಲೆ ಕೂರಿಸಿದೆವು. ಗುಂಯ್ ಹೋಯಿತು.

ಹಳೆಯ ಹೀಟ್ ಸಿಂಕ್ ಒಂದು ಗಂಟೆ ಜೋರಾಗಿ ಹಾಡಿಸಿದ ಮೇಲೆ 68 ಡಿಗ್ರಿ ತಲುಪಿತು, ಅದೂ ಚಳಿಗಾಲದ ಸಂಜೆ. ಬೇಸಿಗೆಗೆ ಅದು ಸಾಲದು. ಚಿಪ್ಪಿಗೊಂದು ಬೇರೆ ಹೀಟ್ ಸಿಂಕ್, ರೆಕ್ಕೆಗಳು ಡಬ್ಬಿಯ ಹೊರಗೆ ನೆಟ್ಟಗೆ ನಿಲ್ಲುವಂತೆ ಕೂರಿಸಬೇಕು ಎಂದು ಹೇಳಿದ್ದೇನೆ. ಅಲ್ಯೂಮಿನಿಯಂ ಎಕ್ಸ್‌ಟ್ರೂಷನ್‌ನ ತುಂಡುಗಳನ್ನು ಅವರು ಆಗಲೇ ತಂದಿಟ್ಟುಕೊಂಡಿದ್ದಾರೆ, ತೂತು ಕೊರೆದು ಸ್ಕ್ರೂ ಕೂರಲು ಚೂಡಿ (ಥ್ರೆಡ್) ಹಾಕುವುದು ಬಾಕಿ.